ದೂರದ ಯುದ್ಧ, ಹತ್ತಿರದ ಪ್ರಶ್ನೆ

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿ, "ಸಾಫ್ಟ್‌ವೇರ್ ಕೆಲಸ ಹೇಗೆ ಸಿಗುತ್ತೆ ಅಂತ ಮಕ್ಕಳಿಗೆ ಹೇಳಪ್ಪ" ಎಂದಿದ್ದರು. ನಾನೂ ಹೂಂ ಅಂದಿದ್ದೆ. ಆದರೆ ನಿನ್ನೆ ಸಂಜೆ ಬಂದು ಈ ರಂಗಮಂಟಪದ ಕಟ್ಟೆಯ ಮೇಲೆ ಕೂತಾಗ ಬೇರೆ ಒಂದು ವಿಷಯ ನೆನಪಾಯಿತು. ಇದೇ ಕಟ್ಟೆಯ ಮೇಲೆ ನಿಂತು ನಾನು ನನ್ನ ಬದುಕಿನ ಮೊದಲನೆಯ ಬಹುಮಾನ ಗೆದ್ದಿದ್ದೆ. ಆ ಬಹುಮಾನದ ಜೊತೆಗೆ ಒಂದು ಸಾಲವೂ ನನ್ನ ತಲೆ ಮೇಲೆ ಕೂತಿತ್ತು. ಅದನ್ನು ಇವತ್ತು ತೀರಿಸೋಣ ಅಂದುಕೊಂಡಿದ್ದೇನೆ. ಕೆಲಸದ ವಿಷಯ ಕೇಳಬೇಕು ಅನ್ನುವ ಮಕ್ಕಳು ಊಟದ ನಂತರ ಸಿಗಿ, ಎಷ್ಟು ಹೊತ್ತು ಬೇಕಾದರೂ ಮಾತಾಡೋಣ.

ಅದು 2003ರ ಜುಲೈ ತಿಂಗಳ ಮೊದಲ ವಾರ. ನಾನು ಒಂಬತ್ತನೆಯ ತರಗತಿ. ಆ ವರ್ಷ ಮಾರ್ಚ್‌ನಲ್ಲಿ ಅಮೆರಿಕ ಇರಾಕಿನ ಮೇಲೆ ಯುದ್ಧ ಆರಂಭಿಸಿತ್ತು. ಏಪ್ರಿಲ್‌ನಲ್ಲಿ ಬಾಗ್ದಾದ್ ಅವರ ಕೈಗೆ ಬಂತು. ಆಮೇಲೆ ಅಮೆರಿಕ ನಮ್ಮ ದೇಶವನ್ನು ಕೇಳಿತು: ಅಲ್ಲಿ ಶಾಂತಿ ಕಾಯಲು ನಿಮ್ಮ ಸೈನ್ಯ ಕಳಿಸಿ ಅಂತ. ಸುಮಾರು 17,000 ಸೈನಿಕರ ಮಾತು ಪತ್ರಿಕೆಗಳಲ್ಲಿ ಬರುತ್ತಿತ್ತು. ದೇಶದಲ್ಲಿ ದೊಡ್ಡ ಚರ್ಚೆ. ಕಳಿಸಿದರೆ ಅಮೆರಿಕದ ಸ್ನೇಹ ಗಟ್ಟಿಯಾಗುತ್ತದೆ, ಇರಾಕನ್ನು ಮತ್ತೆ ಕಟ್ಟುವ ಕೆಲಸದಲ್ಲಿ ನಮಗೂ ಪಾಲು ಸಿಗುತ್ತದೆ ಎಂದು ಕೆಲವರು. ವಿಶ್ವಸಂಸ್ಥೆಯ ಬಾವುಟ ಇಲ್ಲದೆ ಇನ್ನೊಬ್ಬರು ಮಾಡಿದ ಯುದ್ಧಕ್ಕೆ ನಮ್ಮ ಹುಡುಗರು ಯಾಕೆ ಹೋಗಬೇಕು ಎಂದು ಉಳಿದವರು.

ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಅದನ್ನೇ ಚರ್ಚಾ ಸ್ಪರ್ಧೆಗೆ ಇಟ್ಟರು: "ಇರಾಕಿಗೆ ನಮ್ಮ ಸೈನ್ಯ ಹೋಗಬೇಕೆ?" ಚೀಟಿ ಎತ್ತಿದಾಗ ನನಗೆ ಬಂದದ್ದು ಪರ. ಐದು ನಿಮಿಷ. ದೇಶದ ಗೌರವ, ಪೆಟ್ರೋಲ್, ಉದ್ಯೋಗ, ವೀರಪುತ್ರರು, ಎಲ್ಲವನ್ನೂ ತುಂಬಿ ಮಾತಾಡಿದೆ. ಮೇಜು ಕುಟ್ಟಿ ಮುಗಿಸಿದೆ. ಚಪ್ಪಾಳೆಯೋ ಚಪ್ಪಾಳೆ. ಪ್ರಥಮ ಬಹುಮಾನ, ಒಂದು ಕನ್ನಡ ನಿಘಂಟು.

ಬಹುಮಾನ ಹಿಡಿದುಕೊಂಡು ಗೇಟಿನ ಎದುರಿನ ಪೆಟ್ಟಿಗೆ ಅಂಗಡಿಗೆ ಹೋದೆ. ಆ ಅಂಗಡಿ ಯಾರದು ಅಂತ ಇಲ್ಲಿರುವ ಎಲ್ಲರಿಗೂ ಗೊತ್ತು. ನಮಗೆಲ್ಲ ಅವರು ಮಿಲಿಟ್ರಿ ಮಾವ. ಪೆನ್ನಿನ ರೀಫಿಲ್, ಕಡಲೆ ಮಿಠಾಯಿ, ಗ್ರಾಫ್ ಹಾಳೆ ಎಲ್ಲ ಅಲ್ಲೇ. ಮೈಕಿನಲ್ಲಿ ನನ್ನ ಭಾಷಣ ಅವರಿಗೆ ಪೂರ್ತಿ ಕೇಳಿಸಿತ್ತು. ಕಡಲೆ ಮಿಠಾಯಿ ಕೈಗೆ ಕೊಟ್ಟು, ದುಡ್ಡು ಬೇಡ ಅಂದರು. ಆಮೇಲೆ ಹೇಳಿದರು: "ಚೆನ್ನಾಗ್ ಮಾತಾಡ್ದೆ ಕಣ್ಲಾ ಮಗಾ. ಎಲ್ಲಾ ಲೆಕ್ಕಾನೂ ಹೇಳ್ದೆ. ಹೋದೋರಲ್ಲಿ ಎಷ್ಟ್ ಜನ ವಾಪಸ್ ಬತ್ತಾರೆ ಅನ್ನೋ ಲೆಕ್ಕ ಒಂದು ಬರ್ನಿಲ್ಲ."

ಬೈದು ಹೇಳಿದ ಮಾತಲ್ಲ ಅದು. ಆದರೆ ಮಿಠಾಯಿ ಬಾಯಲ್ಲೇ ಉಳಿಯಿತು. ಹತ್ತು ದಿನಗಳಲ್ಲಿ, ಜುಲೈ 14ರಂದು, ವಾಜಪೇಯಿಯವರ ಸರ್ಕಾರ ಸೈನ್ಯ ಕಳಿಸುವುದಿಲ್ಲ ಎಂದು ತೀರ್ಮಾನಿಸಿತು. ಚರ್ಚೆ ಮುಗಿಯಿತು. ಮಾವನ ಪ್ರಶ್ನೆ ಮಾತ್ರ ನನ್ನ ಹತ್ತಿರವೇ ಉಳಿಯಿತು.

ಅದಾಗಿ ಬಹಳ ವರ್ಷಗಳ ನಂತರ, 2016ರಲ್ಲಿ, ಕಂಪನಿಯ ಕೆಲಸದ ಮೇಲೆ ಎರಡು ವರ್ಷ ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್ ನಗರದಲ್ಲಿದ್ದೆ. ಅಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದವನು ಇರಾಕಿನಲ್ಲಿ ಸೈನಿಕನಾಗಿದ್ದವನು. ನನಗಿಂತ ಐದಾರು ವರ್ಷ ದೊಡ್ಡವನು. ಒಂದು ಭಾನುವಾರ ಮನೆಗೆ ಊಟಕ್ಕೆ ಕರೆದ. ಊಟದ ಮೇಜಿನಲ್ಲಿ ಅವನ ಅಪ್ಪ, ಅಮ್ಮ, ತಂಗಿ. ಹೇಗೋ ಮಾತು ಯುದ್ಧಕ್ಕೆ ಬಂತು. ಅಪ್ಪ ಹೇಳಿದರು, ಅದು ಮಾಡಲೇಬೇಕಿದ್ದ ಯುದ್ಧ ಅಂತ. ತಂಗಿ ಹೇಳಿದಳು, ಅದು ಸುಳ್ಳಿನ ಮೇಲೆ ನಿಂತ ಯುದ್ಧ ಅಂತ. ಅಮ್ಮ ಎದ್ದು ಅಡುಗೆಮನೆಗೆ ಹೋದರು. ಯುದ್ಧಕ್ಕೆ ಹೋಗಿ ಬಂದವನು ಮಾತ್ರ ತಲೆ ತಗ್ಗಿಸಿ ಊಟ ಮಾಡುತ್ತಿದ್ದ. ಒಂದೇ ಮನೆ, ಒಂದೇ ಮೇಜು, ನಾಲ್ಕು ಅಭಿಪ್ರಾಯ. ಅವತ್ತು ರಾತ್ರಿ ರೂಮಿಗೆ ಬಂದವನೇ ಇದರ ಬಗ್ಗೆ ಓದಲು ಶುರುಮಾಡಿದೆ. ಓದಿದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ ಕೆಲವನ್ನು ಹೇಳುತ್ತೇನೆ.

ಅಮೆರಿಕದಲ್ಲಿ ಜನರ ಅಭಿಪ್ರಾಯವನ್ನು ಅಳೆಯುವ ಸಂಸ್ಥೆಗಳಿವೆ. ಗ್ಯಾಲಪ್ ಹಳೆಯದು, ಪ್ಯೂ ಸಂಶೋಧನಾ ಕೇಂದ್ರ ಇನ್ನೊಂದು. ಇವರು ಯುದ್ಧ ನಡೆಯುವಾಗ ಮತ್ತೆ ಮತ್ತೆ ಒಂದೇ ಪ್ರಶ್ನೆ ಕೇಳುತ್ತಾ ಹೋಗುತ್ತಾರೆ. ವಿಯೆಟ್ನಾಂಗೆ ಸೈನ್ಯ ಕಳಿಸಿದ್ದು ತಪ್ಪೇ ಎಂದು 1965ರ ಆಗಸ್ಟ್‌ನಲ್ಲಿ ಗ್ಯಾಲಪ್ ಕೇಳಿದಾಗ ತಪ್ಪು ಅಂದವರು ನೂರಕ್ಕೆ 24 ಜನ. 1971ರ ಮೇ ತಿಂಗಳಲ್ಲಿ ಅದೇ ಪ್ರಶ್ನೆಗೆ ತಪ್ಪು ಅಂದವರು ನೂರಕ್ಕೆ 61. ಆರು ವರ್ಷದಲ್ಲಿ ದೇಶ ಮಗ್ಗುಲು ಬದಲಿಸಿತ್ತು. ಆ ಯುದ್ಧದಲ್ಲಿ ಸತ್ತ ಅಮೆರಿಕದ ಸೈನಿಕರು 58,000ಕ್ಕೂ ಹೆಚ್ಚು. ಸತ್ತ ವಿಯೆಟ್ನಾಮಿಗಳ ಲೆಕ್ಕ ಲಕ್ಷಗಳಲ್ಲಿ.

ಇರಾಕಿನ ಕಥೆಯೂ ಹಾಗೇ. 2003ರ ಮಾರ್ಚ್ ಕೊನೆಯಲ್ಲಿ, ಯುದ್ಧ ಶುರುವಾದ ಹೊಸತರಲ್ಲಿ, ಇದು ಸರಿಯಾದ ತೀರ್ಮಾನ ಅಂದವರು ನೂರಕ್ಕೆ 70ಕ್ಕಿಂತ ಹೆಚ್ಚು. 2008ರ ಹೊತ್ತಿಗೆ ತಪ್ಪು ಅಂದವರು ಅರ್ಧಕ್ಕಿಂತ ಹೆಚ್ಚಾದರು. ಯುದ್ಧಕ್ಕೆ ಕಾರಣ ಎಂದು ಹೇಳಿದ್ದ ಸಾಮೂಹಿಕ ವಿನಾಶದ ಅಸ್ತ್ರಗಳು ಸಿಗಲೇ ಇಲ್ಲ. ಅಮೆರಿಕದ ಸುಮಾರು 4,500 ಸೈನಿಕರು ಸತ್ತರು. ಇರಾಕಿನಲ್ಲಿ ದಾಖಲಾದ ನಾಗರಿಕರ ಸಾವುಗಳೇ ಒಂದು ಲಕ್ಷ ಮೀರಿದವು. ಇಷ್ಟೆಲ್ಲ ಆದಮೇಲೂ, 2018ರಲ್ಲಿ ಪ್ಯೂ ಮತ್ತೆ ಕೇಳಿದಾಗ ತಪ್ಪು ಅಂದವರು ನೂರಕ್ಕೆ 48, ಸರಿ ಅಂದವರು 43. ರಿಪಬ್ಲಿಕನ್ ಪಕ್ಷದವರಲ್ಲಿ ಹೆಚ್ಚಿನವರು ಸರಿ ಎಂದರು, ಡೆಮಾಕ್ರಟಿಕ್ ಪಕ್ಷದವರಲ್ಲಿ ಹೆಚ್ಚಿನವರು ತಪ್ಪು ಎಂದರು. ಹದಿನೈದು ವರ್ಷಗಳಾದರೂ ದೇಶ ಒಂದು ಮಾತಿಗೆ ಬಂದಿರಲಿಲ್ಲ.

ಜನ ಯಾಕೆ ಮನಸ್ಸು ಬದಲಿಸುತ್ತಾರೆ? ಜಾನ್ ಮುಲ್ಲರ್ ಎಂಬ ವಿದ್ವಾಂಸರು 1973ರಲ್ಲಿ ಕೊರಿಯಾ ಮತ್ತು ವಿಯೆಟ್ನಾಂ ಯುದ್ಧಗಳ ಬಗ್ಗೆ ಒಂದು ಪುಸ್ತಕ ಬರೆದರು. ಸಾವುಗಳು ಹೆಚ್ಚಿದಂತೆ ಯುದ್ಧಕ್ಕೆ ಬೆಂಬಲ ಇಳಿಯುತ್ತದೆ, ಆದರೆ ಒಂದೇ ಸಮನೆ ಇಳಿಯುವುದಿಲ್ಲ ಎಂದು ಅವರು ತೋರಿಸಿದರು. ಪಿಯುಸಿಯಲ್ಲಿ ಲಾಗರಿದಮ್ ಓದಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸತ್ತವರ ಸಂಖ್ಯೆ ನೂರರಿಂದ ಸಾವಿರಕ್ಕೆ ಏರಿದಾಗ ಬೆಂಬಲ ಎಷ್ಟು ಕುಸಿಯುತ್ತದೋ, ಮತ್ತೆ ಅಷ್ಟೇ ಕುಸಿಯಬೇಕಾದರೆ ಸಾವಿರ ಹೋಗಿ ಹತ್ತು ಸಾವಿರವಾಗಬೇಕು. ಅಂದರೆ ಮೊದಮೊದಲ ಸಾವುಗಳು ಎದೆಗೆ ನಾಟುತ್ತವೆ. ಆಮೇಲಿನವು ಅಂಕಿಗಳಾಗುತ್ತವೆ. ನಾನು ದಿನವೂ ಲೆಕ್ಕದ ಜೊತೆ ಕೆಲಸ ಮಾಡುವವನು. ಆದರೂ ಈ ಗೆರೆಯನ್ನು ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಹತ್ತು ಸಾವಿರದ ಒಂದನೆಯವನ ತಾಯಿಗೆ ಲಾಗರಿದಮ್ ಇಲ್ಲವಲ್ಲ.

ಸಾವು ಎಲ್ಲಿಯದು ಅನ್ನುವುದೂ ಮುಖ್ಯ. ನಾನಿದ್ದ ಕೊಲಂಬಸ್‌ನಲ್ಲಿ ಒಂದು ಮೀಸಲು ತುಕಡಿಯ ನೆಲೆಯಿತ್ತು. 2005ರ ಆಗಸ್ಟ್‌ನಲ್ಲಿ ಇರಾಕಿನ ಹದೀಥಾ ಬಳಿ ರಸ್ತೆಯಲ್ಲಿ ಹುದುಗಿಸಿಟ್ಟ ಬಾಂಬ್ ಸಿಡಿದು 14 ಮೆರೀನ್ ಸೈನಿಕರು ಸತ್ತರು. ಅವರಲ್ಲಿ ಹಲವರು ಆ ತುಕಡಿಯವರು. ಯುದ್ಧ ಹತ್ತು ಸಾವಿರ ಕಿಲೋಮೀಟರ್ ದೂರದಲ್ಲಿತ್ತು. ಅವತ್ತು ಅದು ಕೊಲಂಬಸ್‌ನ ಬೀದಿಗೆ ಬಂತು. ತಮ್ಮ ಕಡೆಯ ಹುಡುಗರು ಸತ್ತಲ್ಲಿ ಜನರ ಅಭಿಪ್ರಾಯ ಬೇಗ ಬದಲಾಗುತ್ತದೆ ಎಂದು ಇದನ್ನು ಅಧ್ಯಯನ ಮಾಡಿದವರು ಹೇಳುತ್ತಾರೆ. ಅದಕ್ಕೆ ಅಧ್ಯಯನವೇ ಬೇಕಿಲ್ಲ ಅನ್ನಿಸುತ್ತದೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ದಾಳಿಗೆ ಬಲಿಯಾದಾಗ ನಮಗೇನಾಯಿತು, ನೆನಪಿಸಿಕೊಳ್ಳಿ. ಹಿಂದಿನ ದಿನದವರೆಗೆ ಅದು ಟಿವಿಯಲ್ಲಿ ಬರುತ್ತಿದ್ದ ಯಾರದೋ ಯುದ್ಧ.

ಇನ್ನೊಂದು ವಿಷಯ ನನ್ನನ್ನು ಬಹಳ ಆಶ್ಚರ್ಯಪಡಿಸಿತು. ವಿಯೆಟ್ನಾಂ ಯುದ್ಧವನ್ನು ಯುವಕರು ವಿರೋಧಿಸಿದರು, ಮುದುಕರು ಬೆಂಬಲಿಸಿದರು ಎಂದು ನಾವು ಅಂದುಕೊಂಡಿದ್ದೇವೆ. ಸಮೀಕ್ಷೆಗಳನ್ನು ನೋಡಿದರೆ ಉಲ್ಟಾ. ವಿಶ್ವವಿದ್ಯಾಲಯಗಳ ಮುಂದೆ ಪ್ರತಿಭಟಿಸಿದವರು ಯುವಕರು, ನಿಜ. ಆದರೆ ಒಟ್ಟು ಜನರನ್ನು ಕೇಳಿದಾಗ ಮೂವತ್ತರೊಳಗಿನವರಿಗಿಂತ ವಯಸ್ಸಾದವರಲ್ಲೇ ಯುದ್ಧಕ್ಕೆ ಬೆಂಬಲ ಕಡಿಮೆಯಿತ್ತು. ಆ ಹಿರಿಯರು ಹಿಂದಿನ ಯುದ್ಧಗಳನ್ನು ಕಂಡವರು. ಇದನ್ನು ಓದಿದಾಗ ನನಗೆ ಮೇಜು ಕುಟ್ಟಿದ ಒಂಬತ್ತನೆಯ ತರಗತಿಯ ಹುಡುಗನೂ ಪೆಟ್ಟಿಗೆ ಅಂಗಡಿಯ ಮಾವನೂ ಒಟ್ಟಿಗೆ ನೆನಪಾದರು.

ಈಗ ನಾನು ಹೇಳಲೇಬೇಕಾದ ಮುಖ್ಯ ಸಂಗತಿ. 2003ರ ಜನವರಿಯಲ್ಲಿ, ಯುದ್ಧಕ್ಕೆ ಎರಡು ತಿಂಗಳು ಮೊದಲು, ಪ್ಯೂ ಕೇಂದ್ರ ಒಂದು ಪ್ರಶ್ನೆ ಕೇಳಿತು: ಸದ್ದಾಂ ಹುಸೇನ್ ಆಳ್ವಿಕೆಯನ್ನು ಕೊನೆಗಾಣಿಸಲು ಇರಾಕಿನ ಮೇಲೆ ಸೈನಿಕ ಕಾರ್ಯಾಚರಣೆ ನಡೆಸುವುದಕ್ಕೆ ನೀವು ಪರವೋ ವಿರೋಧವೋ? ಪರ ಎಂದವರು ನೂರಕ್ಕೆ 68, ವಿರೋಧ 25. ಅದೇ ಪ್ರಶ್ನೆಗೆ ಒಂದೇ ಒಂದು ಮಾತು ಸೇರಿಸಿದರು: ನಮ್ಮ ಸಾವಿರಾರು ಸೈನಿಕರು ಸಾವುನೋವಿಗೆ ಒಳಗಾಗಬಹುದು ಅಂದರೂ? ಆಗ ಪರ ಎಂದವರು 43ಕ್ಕೆ ಇಳಿದರು, ವಿರೋಧ 48ಕ್ಕೆ ಏರಿತು.

ಅದೇ ದೇಶ, ಅದೇ ತಿಂಗಳು, ಅದೇ ಯುದ್ಧ. ಒಂದು ಮಾತು ಸೇರಿದ್ದಕ್ಕೆ ಬಹುಮತ ಮುರಿದುಬಿತ್ತು. ಸೇರಿಸಿದ್ದು ಯಾವ ಮಾತು? ಮಿಲಿಟ್ರಿ ಮಾವ ನನಗೆ ಅಂಗಡಿಯಲ್ಲಿ ಕೇಳಿದ ಮಾತು. ಅಷ್ಟು ದೊಡ್ಡ ಸಂಸ್ಥೆ ಸಮೀಕ್ಷೆ ಮಾಡಿ ಕಂಡುಕೊಂಡದ್ದನ್ನು ನಮ್ಮೂರಿನ ಮಾವ ಒಂದು ಕಡಲೆ ಮಿಠಾಯಿಯ ಖರ್ಚಿನಲ್ಲಿ ಹೇಳಿದ್ದರು.

ಹಾಗಂತ ಯುದ್ಧವೆಲ್ಲ ವ್ಯರ್ಥ ಎಂದು ಸುಲಭವಾಗಿ ಹೇಳಿ ಕೂತುಕೊಳ್ಳಲು ನಾನು ಬಂದಿಲ್ಲ. ಅದೂ ಇನ್ನೊಂದು ಬಗೆಯ ಮೇಜು ಕುಟ್ಟುವಿಕೆಯೇ. ಇರಾಕಿನ ಉತ್ತರದಲ್ಲಿ ಹಲಬ್ಜಾ ಎಂಬ ಊರಿದೆ. 1988ರ ಮಾರ್ಚ್‌ನಲ್ಲಿ ಸದ್ದಾಂ ಸರ್ಕಾರ ಅಲ್ಲಿಯ ಕುರ್ದ್ ಜನರ ಮೇಲೆ ವಿಷಾನಿಲ ಹಾಕಿತು. ಸುಮಾರು 5,000 ಜನ ಸತ್ತರು. ಅವರಲ್ಲಿ ಹೆಂಗಸರು ಮಕ್ಕಳೇ ಬಹಳ. ಆ ಊರಿನವರನ್ನು ಸದ್ದಾಂ ಬಿದ್ದದ್ದು ಒಳ್ಳೆಯದೇ ಎಂದು ಕೇಳಿದರೆ ಏನು ಹೇಳುತ್ತಾರೆ? ಯುದ್ಧದ ನಂತರ ಇರಾಕಿನಲ್ಲೇ ನಡೆದ ಸಮೀಕ್ಷೆಗಳಲ್ಲಿ ಕುರ್ದರು ಬಹುಪಾಲು ಅದನ್ನು ಸರಿ ಎಂದರು, ಸುನ್ನಿ ಅರಬರು ಬಹುಪಾಲು ತಪ್ಪು ಎಂದರು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ತಮ್ಮ ಮನೆಯ ಸತ್ತವರನ್ನು ಎಣಿಸಿ ಮಾತಾಡುತ್ತಿದ್ದಾರೆ.

ನಮ್ಮ ಗೆಳೆಯನ ಅಪ್ಪನ ಮಾತೂ ನನಗೆ ನಿಧಾನವಾಗಿ ಅರ್ಥವಾಯಿತು. ಯುದ್ಧ ವ್ಯರ್ಥ ಎಂದು ಒಪ್ಪಿಕೊಂಡರೆ, ಮಗ ಕಳೆದುಕೊಂಡ ನಿದ್ದೆಗೆ, ಮಗನ ಗೆಳೆಯರ ಪ್ರಾಣಕ್ಕೆ ಅರ್ಥವೇನು? ಆ ಪ್ರಶ್ನೆಯನ್ನು ಎದುರಿಸುವ ಬದಲು ಅವರು ಯುದ್ಧವನ್ನೇ ಸರಿ ಎನ್ನುತ್ತಿದ್ದರು. ಯುದ್ಧಗಳು ಲಂಬಿಸುವುದು ಹೆಚ್ಚಾಗಿ ಹೀಗೇ. "ಇಷ್ಟು ಜನ ಸತ್ತಿದ್ದಾರೆ, ಈಗ ನಿಲ್ಲಿಸಿದರೆ ಅವರ ಬಲಿದಾನ ವ್ಯರ್ಥ" ಎಂದು ಇನ್ನಷ್ಟು ಜನರನ್ನು ಕಳಿಸುತ್ತಾರೆ. ಬತ್ತಿದ ಬೋರ್‌ವೆಲ್ಲಿಗೆ ಇಷ್ಟು ಸುರಿದಾಯ್ತು, ಇನ್ನೂ ನೂರಡಿ ಹೋಗೋಣ ಎಂದು ಸಾಲ ಮಾಡುವುದು ನಮಗೆ ಹೊಸದೇನಲ್ಲ. ಅಲ್ಲಿ ಹೋಗುವುದು ದುಡ್ಡು, ಇಲ್ಲಿ ಹೋಗುವುದು ಮಕ್ಕಳು.

ಯುದ್ಧಕ್ಕೆ ಹೋಗಿ ಬಂದವರು ಏನು ಹೇಳುತ್ತಾರೆ? 2019ರಲ್ಲಿ ಪ್ಯೂ ಅವರನ್ನೇ ಕೇಳಿತು. ಆದ ನಷ್ಟ, ಸಿಕ್ಕ ಲಾಭ ಎರಡನ್ನೂ ತೂಗಿ ನೋಡಿದರೆ ಇರಾಕ್ ಯುದ್ಧ ಸಾರ್ಥಕವಲ್ಲ ಎಂದವರು ಮಾಜಿ ಸೈನಿಕರಲ್ಲಿ ನೂರಕ್ಕೆ 64, ಸಾಮಾನ್ಯ ಜನರಲ್ಲಿ 62. ಅಫ್ಘಾನಿಸ್ತಾನದ ಬಗ್ಗೆ ಮಾಜಿ ಸೈನಿಕರಲ್ಲಿ 58, ಸಾಮಾನ್ಯರಲ್ಲಿ 59. ಹೆಚ್ಚು ಕಡಿಮೆ ಒಂದೇ. ಸೈನಿಕ ಅಂದರೆ ಯುದ್ಧ ಬೇಕು ಅನ್ನುವವನು ಎಂದುಕೊಂಡಿದ್ದ ನನಗೆ ಅದೂ ಒಂದು ಪಾಠವಾಯಿತು.

ಆ ಅಂಕಿ ಓದಿದ ವರ್ಷ ದೀಪಾವಳಿಗೆ ಊರಿಗೆ ಬಂದೆ. ಮಾವನ ಅಂಗಡಿಗೆ ಹೋದೆ. ಅವರು ಸೈನ್ಯದಲ್ಲಿದ್ದರು ಅಂತ ಗೊತ್ತಿತ್ತು, ಎಲ್ಲೆಲ್ಲಿ ಇದ್ದರು ಅಂತ ಯಾವತ್ತೂ ಕೇಳಿರಲಿಲ್ಲ. ಅವತ್ತು ಕೇಳಿದೆ. ಅವರು ಶ್ರೀಲಂಕಾಕ್ಕೆ ಹೋಗಿದ್ದವರು.

ಇಲ್ಲಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. 1987ರ ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾದ ಅಧ್ಯಕ್ಷ ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ನಮ್ಮ ಸೈನ್ಯ ಶಾಂತಿಪಾಲನಾ ಪಡೆಯಾಗಿ ಅಲ್ಲಿಗೆ ಹೋಯಿತು. ಅಕ್ಟೋಬರ್ ಹೊತ್ತಿಗೆ ಶಾಂತಿ ಕಾಯಲು ಹೋದವರು ಜಾಫ್ನಾದಲ್ಲಿ ಎಲ್‌ಟಿಟಿಇ ಜೊತೆ ಯುದ್ಧ ಮಾಡಬೇಕಾಯಿತು. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ವಾಪಸಾಯಿತು. ಸುಮಾರು 1,200 ಸೈನಿಕರು ವಾಪಸ್ ಬರಲಿಲ್ಲ. ತಮಿಳು ಜನರ ಮೇಲೆ ಸೈನ್ಯ ಕೈ ಮಾಡಿತು ಎಂಬ ಸಿಟ್ಟು ತಮಿಳುನಾಡಿನಲ್ಲಿತ್ತು. ಮದ್ರಾಸಿನ ಬಂದರಿನಲ್ಲಿ ಹಡಗು ಇಳಿದವರನ್ನು ಸ್ವಾಗತಿಸಲು ಅಲ್ಲಿಯ ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ಅತ್ತ ಸಿಂಹಳೀಯರಲ್ಲೂ ಅನೇಕರಿಗೆ ನಮ್ಮ ಸೈನ್ಯ ಬೇಡವಾಗಿತ್ತು. ಯಾರಿಗಾಗಿ ಹೋದರೋ ಅವರಿಗೂ ಬೇಡ, ಯಾರು ಕರೆದರೋ ಅವರಿಗೂ ಬೇಡ.

"ಮಾವ, ಅಷ್ಟೆಲ್ಲ ಆಯ್ತಲ್ಲ, ಸಾರ್ಥಕ ಅನ್ನಿಸ್ತದಾ?" ಎಂದು ಕೇಳಿದೆ. ಕೇಳಿದ ಮೇಲೆ ಯಾಕಾದರೂ ಕೇಳಿದೆನೋ ಅನ್ನಿಸಿತು. ಮಾವ ಅಂಗಡಿಯ ಡಬ್ಬಗಳನ್ನು ಒರೆಸುತ್ತಿದ್ದರು. ಒರೆಸುತ್ತಲೇ ಹೇಳಿದರು: "ಬೆಳಗ್ಗೆ ಕೇಳಿದ್ರೆ ಒಂದು ಹೇಳ್ತೀನಿ, ರಾತ್ರಿ ಕೇಳಿದ್ರೆ ಇನ್ನೊಂದು ಹೇಳ್ತೀನಿ. ಡ್ಯೂಟಿ ಮಾಡ್ದೆ, ಅದ್ರಲ್ಲಿ ತಪ್ಪಿಲ್ಲ. ನನ್ ಪಕ್ಕದಲ್ಲಿದ್ದೋನು ಹೋದ, ಅದು ಸರಿಯಿಲ್ಲ. ಎರಡೂ ದಿಟ. ಯಾವ್ದುನ್ನ ಬರ್ಕತೀಯಾ?"

ನಾನು ಏನೂ ಬರೆದುಕೊಳ್ಳಲಿಲ್ಲ. ಸಮೀಕ್ಷೆಯಲ್ಲಿ ಪರ, ವಿರೋಧ, ಗೊತ್ತಿಲ್ಲ ಎಂದು ಮೂರು ಕಾಲಂ ಇರುತ್ತವೆ. ಮಾವನ ಉತ್ತರ ಆ ಮೂರರಲ್ಲಿ ಯಾವುದಕ್ಕೂ ಹೊಂದುವುದಿಲ್ಲ. ಕೊಲಂಬಸ್‌ನಲ್ಲಿ ತಲೆ ತಗ್ಗಿಸಿ ಊಟ ಮಾಡುತ್ತಿದ್ದ ನನ್ನ ಗೆಳೆಯನೂ ಬಹುಶಃ ಇದನ್ನೇ ಹೇಳುತ್ತಿದ್ದ. ನಾವು ಯಾರೂ ಅವನನ್ನು ಕೇಳಲಿಲ್ಲ. ನಮಗೆ ನಮ್ಮ ವಾದವೇ ದೊಡ್ಡದಾಗಿತ್ತು.

ಮಿಲಿಟ್ರಿ ಮಾವ ಇವತ್ತು ಈ ಸಭೆಯಲ್ಲೇ ಇದ್ದಾರೆ. ಮುಂದೆ ಬಂದು ಕೂರಿ ಎಂದರೂ ಹಿಂದಿನ ಸಾಲು ಬಿಟ್ಟು ಬರಲಿಲ್ಲ. ಈ ಮಾತು ಹೇಳಲಾ ಅಂತ ಬೆಳಗ್ಗೆ ಅಪ್ಪಣೆ ಕೇಳಿದೆ. "ಹೇಳು, ಹೊಗಳಬೇಡ" ಎಂದರು. ಹಾಗಾಗಿ ಹೊಗಳುವುದಿಲ್ಲ.

ಮಕ್ಕಳೇ, 2003ರ ಏಪ್ರಿಲ್‌ನಲ್ಲಿ ನಮ್ಮ ಸಂಸತ್ತು ಇರಾಕ್ ಯುದ್ಧದ ಬಗ್ಗೆ ಒಂದು ನಿರ್ಣಯ ಮಾಡಿತು. ಹಿಂದಿಯಲ್ಲಿ "ನಿಂದಾ" ಎಂಬ ಪದ, ಇಂಗ್ಲಿಷಿನಲ್ಲಿ "ಡಿಪ್ಲೋರ್" ಎಂಬ ಸ್ವಲ್ಪ ಮೆದುವಾದ ಪದ. ಒಂದು ಪದಕ್ಕಾಗಿ ದೊಡ್ಡವರು ಅಷ್ಟು ತಲೆ ಕೆಡಿಸಿಕೊಂಡರು. ಆಗ ನನಗೆ ನಗು ಬಂದಿತ್ತು. ಈಗ ಅನ್ನಿಸುತ್ತದೆ, ಯುದ್ಧದ ವಿಷಯದಲ್ಲಿ ಪದ ತೂಗಿ ಆಡುವುದೇ ಸರಿ. ನಿಮ್ಮ ಕೈಯಲ್ಲಿ ಈಗ ಮೊಬೈಲ್ ಇದೆ. ಎಲ್ಲಿಯೋ ಯುದ್ಧವಾದರೆ ಒಂದು ನಿಮಿಷದಲ್ಲಿ ನೀವು ಒಂದು ಕಡೆ ನಿಂತುಬಿಡಬಹುದು. ನಿಲ್ಲುವುದಕ್ಕೆ ಮೊದಲು ಪ್ರಶ್ನೆಗೆ ಆ ಒಂದು ಮಾತು ಸೇರಿಸಿಕೊಳ್ಳಿ: ಹೋಗುವವರು ಯಾರು, ವಾಪಸ್ ಬರುವವರು ಎಷ್ಟು, ಬಾಂಬು ಬೀಳುವ ಊರಿನಲ್ಲಿ ಇರುವವರು ಯಾರು? ಆಮೇಲೂ ನಿಮಗೆ ಯುದ್ಧ ಬೇಕು ಅನ್ನಿಸಿದರೆ ಬೇಕು ಎನ್ನಿ. ಬೇಡ ಅನ್ನಿಸಿದರೆ ಬೇಡ ಎನ್ನಿ. ಬೇಡ ಎನ್ನುವವರೂ ಹಲಬ್ಜಾದವರ ಮುಖ ನೋಡಿ ಹೇಳಬೇಕು. ಲೆಕ್ಕ ಪೂರ್ತಿ ಮಾಡಿ ಹೇಳಿ, ಅಷ್ಟೇ ನನ್ನ ಕೋರಿಕೆ.

ಕೊನೆಯದಾಗಿ ಎರಡು ವಿಷಯ. ಹಳೆಯ ವಿದ್ಯಾರ್ಥಿಗಳ ನಮ್ಮ ತಂಡ ಈ ವರ್ಷದಿಂದ ಶಾಲೆಯಲ್ಲಿ ಒಂದು ಚರ್ಚಾ ಸ್ಪರ್ಧೆಯನ್ನು ನಡೆಸಲು ನೆರವು ಕೊಡುತ್ತದೆ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಅದರಲ್ಲಿ ಒಂದೇ ಹೊಸ ನಿಯಮ: ಪರವಾಗಲಿ, ವಿರೋಧವಾಗಲಿ, ನೀವು ಹೇಳಿದ ಹಾಗೆ ಆದರೆ ಅದರ ಕಷ್ಟ ಯಾರ ಮೇಲೆ ಬೀಳುತ್ತದೆ ಎಂದು ಭಾಷಣದೊಳಗೇ ಹೇಳಬೇಕು. ಹೇಳದಿದ್ದರೆ ಎಷ್ಟು ಚೆನ್ನಾಗಿ ಮಾತಾಡಿದರೂ ಪ್ರಥಮ ಬಹುಮಾನ ಇಲ್ಲ. ಈ ನಿಯಮ ಆಗಲೇ ಇದ್ದಿದ್ದರೆ ನನಗೆ ಬಹುಮಾನ ಬರುತ್ತಿರಲಿಲ್ಲ.

ಎರಡನೆಯದು, ಆ ನಿಘಂಟು. ಇಗೋ, ತಂದಿದ್ದೇನೆ. ರಟ್ಟು ಸ್ವಲ್ಪ ಬಿಟ್ಟಿದೆ, ಹಾಳೆಗಳೆಲ್ಲ ಇವೆ. ಬೆಂಗಳೂರಿನ ಹಾಸ್ಟೆಲಿನಲ್ಲೂ ಒಹಾಯೋದ ರೂಮಿನಲ್ಲೂ ನನ್ನ ಜೊತೆಗಿತ್ತು. ಇದನ್ನು ಶಾಲೆಯ ಗ್ರಂಥಾಲಯಕ್ಕೆ ವಾಪಸ್ ಕೊಡುತ್ತಿದ್ದೇನೆ. ಪೂರ್ತಿ ಲೆಕ್ಕ ಹೇಳಿ ಗೆಲ್ಲುವ ಹುಡುಗಿಯೋ ಹುಡುಗನೋ ಇದನ್ನು ಬಳಸಲಿ.

ನನಗೆ ಅಕ್ಷರ ಕೊಟ್ಟ ಈ ಶಾಲೆಗೆ, ಆ ಚರ್ಚೆಯ ವಿಷಯ ಕೊಟ್ಟ ಮೇಷ್ಟ್ರಿಗೆ, ಉತ್ತರ ಹೇಳದೆ ಪ್ರಶ್ನೆ ಕೊಟ್ಟ ಮಾವನಿಗೆ ನನ್ನ ನಮಸ್ಕಾರ.